ಅಪ್‌ಡೇಟ್: ಎಲಾನ್‌ನ ರಬ್ಬರ್ ಕಪ್ಲಿಂಗ್‌ಗಳು ಹೋದವು

ನನ್ನ 1967ರ ಲೋಟಸ್ ಎಲಾನ್ ರೇಸ್ ಕಾರಿನ ನಾಲ್ಕು ರೋಟೋಫ್ಲೆಕ್ಸ್ ರಬ್ಬರ್ ಕಪ್ಲಿಂಗ್‌ಗಳನ್ನು (ಹಿಂಚಕ್ರಗಳನ್ನು ತಿರುಗಿಸುವ ಶಾಫ್ಟ್‌ಗಳ ಎರಡೂ ತುದಿಯ ಬಾಗುವ ಜೋಡಣೆಗಳು) ಉಳಿಸಿಕೊಳ್ಳಲೋ, ಸಿವಿ ಜಾಯಿಂಟ್ (ಕೋನದಲ್ಲಿದ್ದರೂ ಸಮವೇಗದಲ್ಲಿ ತಿರುಗುವ ಲೋಹದ ಕೀಲು) ಇರುವ ಶಾಫ್ಟ್ ಹಾಕಲೋ ಎಂದು ಕೇಳಿದ್ದೆ. ಶಾಫ್ಟ್ ಹಾಕಿಯಾಯಿತು. ಹಳೆಯದನ್ನು ಬಿಚ್ಚಿದಾಗ ಎದೆ ಧಸಕ್ಕೆಂದಿತು: ಎಡಬದಿಯ ಒಳ ಕಪ್ಲಿಂಗ್‌ನಲ್ಲಿ, ಬೋಲ್ಟಿನ ಪಕ್ಕದಲ್ಲೇ, ಉಗುರು ತೂರುವಷ್ಟು ಬಿರುಕು. ತಡಮಾಡಿದ ತಪ್ಪು ನನ್ನದೇ.

ಕ್ಲಚ್ ಬಿಟ್ಟೊಡನೆ ರಬ್ಬರ್ ತಿರುಚಿಕೊಂಡು ಕಾರು ಕಪ್ಪೆಯಂತೆ ಕುಪ್ಪಳಿಸುತ್ತಿದ್ದ ಚಾಳಿ ಈಗಿಲ್ಲ. ಆದರೆ ಸಸ್ಪೆನ್ಷನ್ ಅತಿಯಾಗಿ ಕೆಳಗಿಳಿಯದಂತೆ ತಡೆಯುತ್ತಿದ್ದುದೂ ಆ ರಬ್ಬರೇ! ಜ್ಯಾಕ್ ಏರಿಸಿದರೆ ಚಕ್ರ ಜೋತುಬಿದ್ದು ಜಾಯಿಂಟ್‌ನ ಕೋನ ಮಿತಿ ಮೀರುತ್ತಿತ್ತು. ಅದಕ್ಕೆ ತಡೆಪಟ್ಟಿ ಕಟ್ಟಿದ್ದೇನೆ. ಗೇರ್ ಬದಲಿಸಿದಾಗಿನ ಏಟು ಈಗ ನೇರವಾಗಿ ಡಿಫರೆನ್ಷಿಯಲ್‌ಗೆ (ಎಂಜಿನ್ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರ್ ಜೋಡಣೆ) ತಾಗುತ್ತದೆ. ಅದರ ಮೌಂಟ್‌ಗಳ ಮೇಲೆ ಕಣ್ಣಿಟ್ಟಿದ್ದೇನೆ.