ಏಳು ಶಾಲೆಗಳ ಪ್ರಿಂಟಿಂಗ್: ಬಾಡಿಗೆ ಜೆರಾಕ್ಸ್ ಮಷಿನ್ ತಗೊಳ್ಳೋದಾ, ರಿಸೊ ಕೊಳ್ಳೋದಾ?

ಪ್ರಶ್ನೆ (ಟ್ರಸ್ಟ್ ಕಚೇರಿ ವ್ಯವಸ್ಥಾಪಕಿ)

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ನಮ್ಮ ಟ್ರಸ್ಟಿನ ಏಳು ಶಾಲೆಗಳಿವೆ. 1ರಿಂದ 10ನೇ ತರಗತಿ, ಒಟ್ಟು 3,200 ಮಕ್ಕಳು. ಮೂರು ಶಾಲೆ ದೊಡ್ಡವು, ನಾಲ್ಕು ಚಿಕ್ಕವು. ಸದ್ಯ ಎಲ್ಲ ಕಡೆ 88ಎ ಕಾರ್ಟ್ರಿಜ್‌ನ ಸಣ್ಣ ಲೇಸರ್ ಪ್ರಿಂಟರ್‌ಗಳು. ರೀಫಿಲ್ ಮಾಡಿಸಿ ಓಡಿಸುತ್ತಿದ್ದೇವೆ. ವರ್ಷಕ್ಕೆ ಅಂದಾಜು 5.4 ಲಕ್ಷ ಪುಟ ಆಗುತ್ತದೆ: ಪ್ರಶ್ನೆಪತ್ರಿಕೆ 3.1 ಲಕ್ಷ, ವರ್ಕ್‌ಶೀಟ್ 1.5 ಲಕ್ಷ, ಕಚೇರಿ ಕೆಲಸ 80 ಸಾವಿರ.

ಎರಡು ಕೊಟೇಶನ್ ಬಂದಿವೆ. ಒಂದು, ಶಾಲೆಗೊಂದರಂತೆ ಏಳು ಎ3 ಜೆರಾಕ್ಸ್ ಮಷಿನ್ ಬಾಡಿಗೆಗೆ. ಪುಟಕ್ಕೆ 45 ಪೈಸೆ, ಪ್ರತಿ ಮಷಿನ್‌ಗೆ ತಿಂಗಳಿಗೆ 6,000 ಪುಟದ ಮಿನಿಮಮ್, ಟೋನರ್ ಮತ್ತು ಸರ್ವಿಸ್ ಅವರದು, ಪೇಪರ್ ನಮ್ಮದು. ಇನ್ನೊಂದು, ಡಿಜಿಟಲ್ ಡೂಪ್ಲಿಕೇಟರ್ (ರಿಸೊ ಥರದ್ದು) 1.6 ಲಕ್ಷಕ್ಕೆ. ಮಾಸ್ಟರ್ ರೋಲ್ 2,400 ರೂಪಾಯಿ, ಒಂದು ರೋಲಿಗೆ 200 ಮಾಸ್ಟರ್. ಇಂಕ್ ಪುಟಕ್ಕೆ 10 ಪೈಸೆ ಅನ್ನುತ್ತಾರೆ. ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು) ವರ್ಷಕ್ಕೆ 12,000. ಯಾವುದು ಸರಿ?

ಉತ್ತರ (ಆಫೀಸ್ ಮಷಿನ್ ಸರ್ವಿಸ್ ಎಂಜಿನಿಯರ್)

ಮೇಡಂ, ಒಟ್ಟು ಪುಟದ ಲೆಕ್ಕ ಹಿಡಿದು ಮಷಿನ್ ಆರಿಸಬೇಡಿ. ಒಂದು ಒರಿಜಿನಲ್‌ಗೆ ಎಷ್ಟು ಕಾಪಿ ಬೀಳುತ್ತದೆ ಅನ್ನುವುದೇ ಮುಖ್ಯ. ಜೆರಾಕ್ಸ್ ಮಷಿನ್‌ನಲ್ಲಿ ಮೊದಲ ಕಾಪಿಗೂ ಮುನ್ನೂರನೇ ಕಾಪಿಗೂ ಖರ್ಚು ಒಂದೇ. ಡೂಪ್ಲಿಕೇಟರ್ ಹಾಗಲ್ಲ. ಅದು ಮಾಸ್ಟರ್ ಹಾಳೆಯ ಮೇಲೆ ಥರ್ಮಲ್ ಹೆಡ್‌ನಿಂದ ಸಣ್ಣ ತೂತು ಸುಟ್ಟು ಡ್ರಮ್ಮಿಗೆ ಸುತ್ತುತ್ತದೆ, ಡ್ರಮ್ಮಿನ ಒಳಗಿನಿಂದ ಇಂಕ್ ತೂತಿನ ಮೂಲಕ ಪೇಪರಿಗೆ ಇಳಿಯುತ್ತದೆ. ಮಾಸ್ಟರ್ ಖರ್ಚು ಒಂದೇ ಸಲ. ಆಮೇಲೆ ಬರೀ ಇಂಕ್.

ನಿಮ್ಮ ರೇಟಿನಲ್ಲಿ ಒಂದು ಮಾಸ್ಟರಿಗೆ 12 ರೂಪಾಯಿ. ಇಂಕ್‌ಗೆ ಅವರು ಹೇಳುವ 10 ಪೈಸೆ ನಂಬಬೇಡಿ, 15 ಹಿಡಿಯಿರಿ. ಪ್ರಶ್ನೆಪತ್ರಿಕೆಯ ಪುಟ ಒತ್ತಾಗಿರುತ್ತದೆ. 20 ಕಾಪಿ ತೆಗೆದರೆ ಪುಟಕ್ಕೆ 75 ಪೈಸೆ, 40 ತೆಗೆದರೆ 45 ಪೈಸೆ, 100 ತೆಗೆದರೆ 27 ಪೈಸೆ. ಅಂದರೆ 40 ಕಾಪಿಗೆ ಬಾಡಿಗೆ ಮಷಿನ್‌ಗೂ ಇದಕ್ಕೂ ಸರಿಸಮ. ಅದಕ್ಕಿಂತ ಕಡಿಮೆಗೆ ರಿಸೊ ಮುಟ್ಟಲೇಬಾರದು.

ಈಗ ನೀವು ಹೇಳಬೇಕಾದ್ದು ಒಂದೇ: ಏಳೂ ಶಾಲೆಗೆ ಪ್ರಶ್ನೆಪತ್ರಿಕೆ ಒಂದೇನಾ, ಅಥವಾ ಶಾಲೆಗೊಂದು ಥರವಾ?

ಪ್ರಶ್ನೆ ಕೇಳಿದವರು

ಎಸ್‌ಎ (ಸಂಕಲನಾತ್ಮಕ, ಅಂದರೆ ದೊಡ್ಡ ಪರೀಕ್ಷೆ) ಎಲ್ಲರಿಗೂ ಒಂದೇ. ಎಫ್‌ಎ (ರೂಪಣಾತ್ಮಕ, ಅಂದರೆ ನಡುವಿನ ಕಿರುಪರೀಕ್ಷೆ) ಈವರೆಗೆ ಆಯಾ ಶಾಲೆಯವರೇ ಮಾಡಿಕೊಳ್ಳುತ್ತಿದ್ದರು. ಬರುವ ಜೂನ್‌ನಿಂದ ಅದನ್ನೂ ಒಂದೇ ಮಾಡಬಹುದು, ಮುಖ್ಯ ಶಿಕ್ಷಕರು ಒಪ್ಪಿದ್ದಾರೆ.

ಉತ್ತರ (ಆಫೀಸ್ ಮಷಿನ್ ಸರ್ವಿಸ್ ಎಂಜಿನಿಯರ್)

ಹಾಗಾದರೆ ರಿಸೊ ನಿಮ್ಮ ಕೆಲಸಕ್ಕೆ ಒಪ್ಪುತ್ತದೆ. ಆದರೆ ಒಂದೇ ಒಂದು, ಕೇಂದ್ರ ಕಚೇರಿಯಲ್ಲಿ. ಲೆಕ್ಕ ನೋಡಿ. 3,200 ಮಕ್ಕಳು, ಹತ್ತು ತರಗತಿ, ತರಗತಿಗೆ 320. ಆರು ವಿಷಯ, ಎರಡು ಎಸ್‌ಎ, ನಾಲ್ಕು ಎಫ್‌ಎ, ಎಸ್‌ಎ ಪತ್ರಿಕೆ 4 ಪುಟ, ಎಫ್‌ಎ 2 ಪುಟ ಅಂದುಕೊಂಡರೆ ವರ್ಷಕ್ಕೆ ಒಂದು ಮಗುವಿಗೆ 96 ಪುಟ, ಒಟ್ಟು 3,07,200. ಕೆಳಗಿನ ತರಗತಿಗಳಿಗೆ ವಿಷಯ ಕಡಿಮೆ ಇದ್ದರೂ ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆ ಸೇರಿ ಅಷ್ಟೇ ಬರುತ್ತದೆ. ಇದು ನಿಮ್ಮ ಅಂದಾಜಿಗೂ ಹೊಂದುತ್ತದೆ. 320 ಕಾಪಿಗೆ ಮಾಸ್ಟರ್ ಪಾಲು ಪುಟಕ್ಕೆ 3.75 ಪೈಸೆ, ಇಂಕ್ ಸೇರಿ 18.75 ಪೈಸೆ. ವರ್ಷಕ್ಕೆ 57,600 ರೂಪಾಯಿ. ಅದೇ ಕೆಲಸ ಬಾಡಿಗೆ ಮಷಿನ್‌ನಲ್ಲಿ 1,38,240. ಎಎಂಸಿ ಕಳೆದು ಉಳಿಯುವುದು 68,640. ಮಷಿನ್ ದುಡ್ಡು ಎರಡೂಕಾಲು ವರ್ಷ ದಾಟುವಷ್ಟರಲ್ಲಿ ವಾಪಸ್.

ಸಮಯವನ್ನೂ ನೋಡಿಕೊಳ್ಳಿ. ಒಂದು ಎಸ್‌ಎಗೆ (ಹತ್ತು ತರಗತಿ, ಆರು ವಿಷಯ, 4 ಪುಟ) 240 ಮಾಸ್ಟರ್ ಬೇಕು. ಒಂದು ರೋಲ್ ಸಾಲದು, ಎರಡು ತರಿಸಿಡಿ. ನಿಮಿಷಕ್ಕೆ 100 ಕಾಪಿ ವೇಗದಲ್ಲಿ 320ಕ್ಕೆ ಮೂರು ನಿಮಿಷ ಚಿಲ್ಲರೆ. ಮಾಸ್ಟರ್ ಮಾಡುವುದು, ಪೇಪರ್ ತುಂಬುವುದು ಸೇರಿ ಒಂದಕ್ಕೆ ನಾಲ್ಕು ನಿಮಿಷ ಮೇಲೆ. ಒಟ್ಟು ಹತ್ತಿರಹತ್ತಿರ 17 ಗಂಟೆ. ಒಬ್ಬ ಆಪರೇಟರ್‌ಗೆ ಮೂರು ದಿನದ ಕೆಲಸ. ಕಟ್ಟು ಕಟ್ಟುವುದು ಬೇರೆ.

ಉತ್ತರ (ಟ್ರಸ್ಟ್ ಲೆಕ್ಕಪತ್ರ ನೋಡುವವರು)

ಮೇಲಿನ ಲೆಕ್ಕಕ್ಕೆ ಪೇಪರ್ ಸೇರಿಸಿ ಓದಿ, ಆಗ ಚಿತ್ರ ಬದಲಾಗುತ್ತದೆ. 3,07,200 ಪುಟವನ್ನು ಎರಡೂ ಬದಿ ಮುದ್ರಿಸಿದರೆ 1,53,600 ಹಾಳೆ, ಅಂದರೆ 500 ಹಾಳೆಯ 308 ರೀಮ್. ರೀಮಿಗೆ 260 ರೂಪಾಯಿ ಹಿಡಿದರೆ 80 ಸಾವಿರ. ಇಂಕ್, ಮಾಸ್ಟರ್ ಎರಡನ್ನೂ ಕೂಡಿಸಿದ್ದಕ್ಕಿಂತ ಪೇಪರೇ ಹೆಚ್ಚು! ರಿಸೊದಲ್ಲಿ ಎರಡನೇ ಬದಿ ಹಾಕುವುದು ರಗಳೆ ಅಂತ ಆಪರೇಟರ್ ಒಂದೇ ಬದಿ ಮುದ್ರಿಸಿ ಕೊಟ್ಟರೆ ಇನ್ನೊಂದು 80 ಸಾವಿರ ಪೇಪರಿಗೆ ಹೋಗುತ್ತದೆ. ಉಳಿತಾಯ ಅಲ್ಲಿಗೆ ಮುಗಿಯಿತು.

ಪೇಪರ್ ತರಿಸುವಾಗ ತೂಕ ಹಾಕಿ ನೋಡಿ. ಎ4 75 ಜಿಎಸ್ಎಂ (ಚದರ ಮೀಟರಿಗೆ 75 ಗ್ರಾಂ) 500 ಹಾಳೆಯ ರೀಮ್ 2.34 ಕೆ.ಜಿ. ಇರಬೇಕು, 70 ಜಿಎಸ್ಎಂ ಆದರೆ 2.18. ಹೊದಿಕೆಯ ತೂಕ ಅದರ ಮೇಲೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 75 ಅಂತ ಬಿಲ್ ಮಾಡಿ 70 ಕಳಿಸಿದ್ದರೆ ತಕ್ಷಣ ಗೊತ್ತಾಗುತ್ತದೆ.

ಬಾಡಿಗೆ ಕೊಟೇಶನ್‌ನಲ್ಲಿ ಕೆಟ್ಟದ್ದು 45 ಪೈಸೆಯಲ್ಲ, ಮಿನಿಮಮ್. ಏಳು ಮಷಿನ್, 6,000 ಪುಟ, 12 ತಿಂಗಳು: 5,04,000 ಪುಟಕ್ಕೆ 2,26,800 ರೂಪಾಯಿ ಕಟ್ಟಲೇಬೇಕು. ಚಿಕ್ಕ ಶಾಲೆ ತಿಂಗಳಿಗೆ 2,000 ಪುಟ ತೆಗೆದರೂ 2,700 ರೂಪಾಯಿ ಬಿಲ್, ಅಂದರೆ ಪುಟಕ್ಕೆ 1.35. ಏಪ್ರಿಲ್, ಮೇ ರಜೆಯಲ್ಲಿ ಮಷಿನ್ ಮುಸುಕು ಹೊದ್ದು ಕೂತರೂ ಅದೇ ಬಿಲ್. ಪರೀಕ್ಷೆ ತಿಂಗಳಲ್ಲಿ 6,000 ದಾಟಿದ್ದಕ್ಕೆ ಮತ್ತೆ ಬೇರೆ ದುಡ್ಡು. ಶಾಲೆಯ ಪ್ರಿಂಟಿಂಗ್ ಏರಿಳಿತದ್ದು. ತಿಂಗಳ ಮಿನಿಮಮ್ ಅದಕ್ಕೆ ಹೊಂದುವುದೇ ಇಲ್ಲ. ಎಲ್ಲ ಮಷಿನ್‌ಗಳ ಪುಟ ಒಟ್ಟುಗೂಡಿಸಿ, ವರ್ಷಕ್ಕೊಮ್ಮೆ ಮಿನಿಮಮ್ ನೋಡುವಂತೆ ಬರೆಸಿ. ಕೇಳಿದರೆ ಬಹಳ ಕಡೆ ಒಪ್ಪುತ್ತಾರೆ.

ಕರಾರಿನಲ್ಲಿ ಇನ್ನೂ ಕೆಲವು ಸಾಲು ಬೇಕು. ಎ3 ಪುಟವನ್ನು ಒಂದು ಎಣಿಸುತ್ತಾರೋ ಎರಡೋ. ಸ್ಕ್ಯಾನ್‌ಗೆ ಚಾರ್ಜ್ ಇಲ್ಲ. ಡ್ರಮ್, ಫ್ಯೂಸರ್ (ಟೋನರನ್ನು ಬಿಸಿಯಿಂದ ಪೇಪರಿಗೆ ಅಂಟಿಸುವ ಭಾಗ), ಪಿಕಪ್ ರೋಲರ್ (ಹಾಳೆ ಎಳೆಯುವ ರೋಲರ್) ಎಲ್ಲ ಅವರ ಖರ್ಚು. ಸರ್ವಿಸ್‌ನವರು ತೆಗೆದ ಟೆಸ್ಟ್ ಪುಟ ಮೀಟರಿನಿಂದ ಕಳೆಯಬೇಕು. ಪರೀಕ್ಷೆಗೆ ಹದಿನೈದು ದಿನ ಮುಂಚಿನಿಂದ, ಮಷಿನ್ ನಿಂತರೆ 24 ಗಂಟೆಯೊಳಗೆ ಬದಲಿ ಮಷಿನ್. ಇದನ್ನು ಬಾಯಿಮಾತಿಗೆ ಬಿಡಬೇಡಿ.

ಪ್ರಶ್ನೆ (ಒಬ್ಬ ಪ್ರೌಢಶಾಲಾ ಶಿಕ್ಷಕರು)

ರಿಸೊದಲ್ಲಿ ಕನ್ನಡ ಒತ್ತಕ್ಷರ ಮಸಿಮಸಿಯಾಗಿ ಮುಚ್ಚಿಕೊಳ್ಳುತ್ತದೆ. ‘ಸ್ತ್ರೀ’, ‘ರಾಷ್ಟ್ರ’ ಓದಲಿಕ್ಕೆ ಮಕ್ಕಳಿಗೆ ಕಷ್ಟ. ಎರಡೂ ಬದಿ ಹಾಕಿದರೆ ಹಿಂದಿನ ಮಸಿ ಅಂಟುತ್ತದೆ. ಇದಕ್ಕೆ ಏನು ಮಾಡುವುದು?

ಉತ್ತರ (ಮುದ್ರಣಾಲಯದ ಪ್ರೀಪ್ರೆಸ್ ಕೆಲಸದವರು)

ಸರ್, ಒತ್ತು ಮುಚ್ಚಿಕೊಳ್ಳಲು ಹೆಚ್ಚಾಗಿ ಕಾರಣ ಒರಿಜಿನಲ್. ಟೋನರ್ ಸೇವ್ ಮೋಡ್‌ನಲ್ಲಿ ಪ್ರಿಂಟ್ ತೆಗೆದು, ಅದನ್ನು ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ರಿಸೊ ಗಾಜಿನ ಮೇಲಿಟ್ಟರೆ ಮೂರು ಸಲ ಅಕ್ಷರ ಕೆಟ್ಟಿರುತ್ತದೆ. ಮಷಿನ್ ಕೊಳ್ಳುವಾಗಲೇ ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಸೇರಿದೆಯೇ ಕೇಳಿ. ಕೆಲವು ಮಾಡೆಲ್‌ಗಳಲ್ಲಿ ಅದು ಬೇರೆ ದುಡ್ಡು. ಅದಿದ್ದರೆ ಪಿಡಿಎಫ್‌ನಿಂದ ನೇರ ಮಾಸ್ಟರ್. ಇಲ್ಲದಿದ್ದರೆ ಟೋನರ್ ಸೇವ್ ತೆಗೆದು 600 ಡಿಪಿಐನಲ್ಲಿ ಲೇಸರ್ ಪ್ರಿಂಟ್ ತೆಗೆದು ಅದನ್ನೇ ಇಡಿ. ಮಷಿನ್ ‘ಲೈನ್’ ಮೋಡ್‌ನಲ್ಲಿರಲಿ, ಫೋಟೋ ಮೋಡ್ ಬೇಡ. ಅಕ್ಷರ 12 ಪಾಯಿಂಟ್‌ಗಿಂತ ಕೆಳಗೆ ಇಳಿಸಬೇಡಿ, ಬೋಲ್ಡ್ ತಲೆಬರಹಕ್ಕೆ ಮಾತ್ರ. ಸಾಲಿನ ಅಂತರ ತುಸು ಬಿಡಿ. ‘ಷ್ಟ್ರ’ದ ಎರಡನೇ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಇನ್ನೊಂದು ನಮ್ಮಲ್ಲಿ ಮಾತ್ರ ಬರುವ ತೊಂದರೆ. ಒಬ್ಬರು ‘ನುಡಿ’ ತಂತ್ರಾಂಶದ ಹಳೆ ಆಸ್ಕಿ ಫಾಂಟಿನಲ್ಲಿ, ಇನ್ನೊಬ್ಬರು ‘ಬರಹ’ ತಂತ್ರಾಂಶದಲ್ಲಿ, ಮತ್ತೊಬ್ಬರು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸುತ್ತಾರೆ. ಕೇಂದ್ರದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಡೀ ಪತ್ರಿಕೆ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟ್ ಇದ್ದರೂ ಆವೃತ್ತಿ ಬೇರೆಯಾದರೆ ಅರ್ಕಾವತ್ತು ಜಾಗ ಬದಲಿಸುತ್ತದೆ, ಅದು ಸುಲಭಕ್ಕೆ ಕಣ್ಣಿಗೂ ಬೀಳುವುದಿಲ್ಲ. ವರ್ಡ್ ಫೈಲ್ ತೆಗೆದುಕೊಳ್ಳಲೇಬೇಡಿ. ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿ, ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಹೆಸರಿನ ಮುಂದೆ ‘ಎಂಬೆಡೆಡ್’ (ಫಾಂಟ್ ಫೈಲಿನೊಳಗೇ ಸೇರಿದೆ) ಅಂತ ಇದೆಯೇ ನೋಡಿ. ಗಣಿತದವರ ಸಮೀಕರಣಕ್ಕೂ ಇದೇ ಮದ್ದು.

ಮಸಿ ಅಂಟುವುದಕ್ಕೆ: ರಿಸೊ ಇಂಕ್ ಪೇಪರ್ ಹೀರಿಕೊಂಡು ಒಣಗುತ್ತದೆ, ಟೋನರಿನಂತೆ ಬಿಸಿಗೆ ಕರಗಿ ಅಂಟುವುದಿಲ್ಲ. ಆದ್ದರಿಂದ ನುಣುಪು ಪೇಪರ್ ಆಗುವುದಿಲ್ಲ. ಮೊದಲ ಬದಿಯನ್ನೆಲ್ಲ ಮೊದಲು ಮುಗಿಸಿ, ಕನಿಷ್ಠ ಕೆಲವು ಗಂಟೆ ಹರವಿಟ್ಟು, ಮಳೆಗಾಲವಾದರೆ ಒಂದು ರಾತ್ರಿ ಬಿಟ್ಟು, ಆಮೇಲೆ ಎರಡನೇ ಬದಿ. ದೊಡ್ಡ ಕಪ್ಪು ಪಟ್ಟಿ, ತುಂಬಿದ ಚೌಕ, ಗಾಢ ಲಾಂಛನ ತೆಗೆದುಹಾಕಿ. ಹಾಳೆ ಡ್ರಮ್ಮಿಗೆ ಅಂಟಿ ಸುತ್ತಿಕೊಳ್ಳುವುದು ಅಲ್ಲೇ. ಮೇಲಿನ ಅಂಚಿನಲ್ಲಿ 10 ಮಿ.ಮೀ. ಖಾಲಿ ಬಿಡಿ, ಹಾಳೆ ಡ್ರಮ್ಮಿನಿಂದ ಬಿಡಿಸಿಕೊಳ್ಳಲು ಅಷ್ಟು ಬೇಕು.

ಉತ್ತರ (ಆಫೀಸ್ ಮಷಿನ್ ಸರ್ವಿಸ್ ಎಂಜಿನಿಯರ್)

ಮಲೆನಾಡು ಅಂದಿದ್ದೀರಿ, ಅದಕ್ಕೇ ಹೇಳುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಮಷಿನ್‌ದಲ್ಲ, ತಂಡಿ ಹಿಡಿದ ಪೇಪರಿನವು. ಎರಡು ಮೂರು ಹಾಳೆ ಒಟ್ಟಿಗೆ ಎಳೆಯುತ್ತದೆ, ಲೇಸರ್‌ನಲ್ಲಿ ಸುಕ್ಕು ಬರುತ್ತದೆ, ತುದಿ ಸುರುಳಿಯಾಗಿ ಜಾಮ್ ಆಗುತ್ತದೆ. ರೀಮಿನ ಹೊದಿಕೆ ಬಳಸುವ ಹೊತ್ತಿಗೇ ಒಡೆಯಿರಿ. ಉಳಿದದ್ದನ್ನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಮುಚ್ಚಿ. ನೆಲಕ್ಕೂ ಗೋಡೆಗೂ ತಾಗಿಸಿ ಇಡಬೇಡಿ. ತುಂಬುವ ಮುಂಚೆ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ.

ಇಡೀ ಪುಟಕ್ಕೆ ಉದ್ದಕ್ಕೆ ಬಿಳಿ ಗೆರೆ, ಮಾಸ್ಟರ್ ಬದಲಿಸಿದರೂ ಅದೇ ಜಾಗದಲ್ಲಿ ಬಂದರೆ ರಿಸೊದ ಥರ್ಮಲ್ ಹೆಡ್ ಮೇಲೆ ಧೂಳು. ಮೆತ್ತನೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಜೆರಾಕ್ಸ್ ಮಷಿನ್‌ನಲ್ಲಿ ಮೇಲಿನ ಫೀಡರ್‌ನಿಂದ ಕೊಟ್ಟಾಗ ಮಾತ್ರ ಕಪ್ಪು ಗೆರೆ ಬಂದರೆ ದೊಡ್ಡ ಗಾಜಿನ ಪಕ್ಕದ ಕಿರಿದಾದ ಗಾಜುಪಟ್ಟಿ ಒರೆಸಿ. ಮೆಕ್ಯಾನಿಕ್ ಬೇಕಿಲ್ಲ. ರಜೆ ಮುಗಿದು ರಿಸೊ ಮೊದಲ ಸಲ ಹಚ್ಚಿದಾಗ ಕಾಪಿ ಮಸುಕಾಗಿ ಬರುತ್ತದೆ, ಡ್ರಮ್ಮಿನ ಇಂಕ್ ಒಣಗಿರುತ್ತದೆ. ‘ಐಡ್ಲಿಂಗ್’ ಆಯ್ಕೆ ಒತ್ತಿ ಡ್ರಮ್ ಸ್ವಲ್ಪ ತಿರುಗಿಸಿ, ಆಮೇಲೆ ರದ್ದಿ ಹಾಳೆಯಲ್ಲಿ ಇಪ್ಪತ್ತು ಕಾಪಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಹಾಗಾದರೆ ಈಗಿನ 88ಎ ಪ್ರಿಂಟರ್‌ಗಳನ್ನು ಏನು ಮಾಡಲಿ? ಚಿಕ್ಕ ಶಾಲೆಗಳಿಗೆ ಇಂಕ್ ಟ್ಯಾಂಕ್ ಪ್ರಿಂಟರ್ (ಬಾಟಲಿಯಿಂದ ಇಂಕ್ ತುಂಬುವಂಥದ್ದು) ಸಾಕೇ?

ಉತ್ತರ (ಆಫೀಸ್ ಮಷಿನ್ ಸರ್ವಿಸ್ ಎಂಜಿನಿಯರ್)

88ಎಗೆ ಕಂಪನಿ ಹೇಳುವುದು 1,500 ಪುಟ. ಅದು ಪುಟದ 5% ಭಾಗದಷ್ಟು ಮಾತ್ರ ಕಪ್ಪು ಇದ್ದರೆ. ನಿಮ್ಮ ಪುಟ 8% ಆದರೆ 940 ಪುಟಕ್ಕೆ ಮುಗಿಯಿತು. ರೀಫಿಲ್ ಅಗ್ಗವೇ, ಆದರೆ ಡ್ರಮ್, ವೈಪರ್ ಬ್ಲೇಡ್ ಹಳತಾಗುತ್ತವೆ. ಪುಟದಲ್ಲಿ 75 ಮಿ.ಮೀ.ಗೊಮ್ಮೆ ಅದೇ ಚುಕ್ಕೆ ಕಂಡರೆ ಡ್ರಮ್ ಗಾಯವಾಗಿದೆ, ಮತ್ತೆ ರೀಫಿಲ್ ಮಾಡಿಸಿ ಪ್ರಯೋಜನವಿಲ್ಲ. ಟಿಸಿ, ಅಂಕಪಟ್ಟಿ, ದಾಖಲೆಗಳಿಗೆ ಶಾಲೆಗೊಂದು ಲೇಸರ್ ಇಟ್ಟುಕೊಳ್ಳಿ, ನೀರು ಬಿದ್ದರೂ ಅಕ್ಷರ ಹರಿಯುವುದಿಲ್ಲ. ಅದನ್ನು ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಚುಚ್ಚಬೇಡಿ, ಫ್ಯೂಸರ್ ಕಾಯುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗುತ್ತದೆ.

ನಾಲ್ಕು ಚಿಕ್ಕ ಶಾಲೆಗಳಿಗೆ ಇಂಕ್ ಟ್ಯಾಂಕ್ ಸಾಕು. ಎಪ್ಸನ್‌ನ 003 ಕಪ್ಪು ಬಾಟಲಿಗೆ 4,500 ಪುಟ ಅಂತ ಬರೆದಿರುತ್ತದೆ. ಅರ್ಧ ಬಂದರೂ ಪುಟಕ್ಕೆ 15 ಪೈಸೆಯ ಆಸುಪಾಸು. ಹೊಸ ಮಷಿನ್‌ನ ಮೊದಲ ಬಾಟಲಿಯ ಒಂದಿಷ್ಟು ಪೈಪ್ ತುಂಬಲಿಕ್ಕೇ ಹೋಗುತ್ತದೆ, ಹೆದರಬೇಡಿ. ರಜೆಯಲ್ಲೂ ವಾರಕ್ಕೆ ಒಂದು ಪುಟ ತೆಗೆಯಬೇಕು, ಇಲ್ಲದಿದ್ದರೆ ಹೆಡ್ ಕಟ್ಟಿಕೊಳ್ಳುತ್ತದೆ. ಹೆಡ್ ಕ್ಲೀನಿಂಗ್ ಸಾಲುಸಾಲಾಗಿ ಹತ್ತು ಸಲ ಒತ್ತಬೇಡಿ, ಇಂಕೆಲ್ಲ ವೇಸ್ಟ್ ಪ್ಯಾಡಿಗೆ ಹೋಗಿ ಮಷಿನ್ ಲಾಕ್ ಆಗುತ್ತದೆ. ದೊಡ್ಡ ಮೂರು ಶಾಲೆಗೆ ಮಾತ್ರ ಬಾಡಿಗೆ ಮಷಿನ್, ಮೇಲೆ ಲೆಕ್ಕದವರು ಹೇಳಿದ ವಾರ್ಷಿಕ ಮಿನಿಮಮ್ ಮೇಲೆ.

ಉತ್ತರ (ಟ್ರಸ್ಟ್ ಲೆಕ್ಕಪತ್ರ ನೋಡುವವರು)

ಗೌಪ್ಯತೆ ಬಗ್ಗೆ ಯಾರೂ ಹೇಳಲಿಲ್ಲ. ರಿಸೊದಲ್ಲಿ ಬಳಸಿದ ಮಾಸ್ಟರ್‌ಗಳು ಒಂದು ಡಬ್ಬಕ್ಕೆ ಬೀಳುತ್ತವೆ. ಬಿಡಿಸಿ ಬೆಳಕಿಗೆ ಹಿಡಿದರೆ ಪ್ರಶ್ನೆಪತ್ರಿಕೆ ಓದಬಹುದು. ಕೆಲಸ ಮುಗಿದ ದಿನವೇ ಆ ಡಬ್ಬ ಖಾಲಿ ಮಾಡಿ, ಒಬ್ಬರ ಎದುರಿಗೆ ಚೂರು ಮಾಡಿಸಿ, ರಿಜಿಸ್ಟರ್‌ಗೆ ಸಹಿ ಹಾಕಿಸಿ. ಡ್ರಮ್ಮಿನ ಮೇಲೆ ಕೊನೆಯ ಮಾಸ್ಟರ್ ಸುತ್ತಿಕೊಂಡೇ ಇರುತ್ತದೆ. ಒಂದು ಖಾಲಿ ಹಾಳೆಯ ಮಾಸ್ಟರ್ ಮಾಡಿದರೆ ಅದೂ ಡಬ್ಬಕ್ಕೆ ಬರುತ್ತದೆ. ಬಾಡಿಗೆ ಮಷಿನ್‌ನಲ್ಲಿ ಹಾರ್ಡ್ ಡಿಸ್ಕ್ ಇದ್ದರೆ, ವಾಪಸ್ ಕೊಡುವಾಗ ಅದರ ಡೇಟಾ ನಿಮ್ಮ ಮುಂದೆ ಅಳಿಸಬೇಕು ಅಂತ ಕರಾರಿಗೆ ಸೇರಿಸಿ.

ಉತ್ತರ (ಆಫೀಸ್ ಮಷಿನ್ ಸರ್ವಿಸ್ ಎಂಜಿನಿಯರ್)

ಸರಿಯಾಗಿ ಹೇಳಿದಿರಿ. ಮೇಡಂ, ದುಡ್ಡು ಕಟ್ಟುವ ಮುಂಚೆ ಡೆಮೊ ಕೇಳಿ. ಅವರ ಸ್ಯಾಂಪಲ್ ಪುಟ ಬೇಡ, ನಿಮ್ಮ ಕಳೆದ ವರ್ಷದ ಹತ್ತನೇ ತರಗತಿಯ ಕನ್ನಡ ಪತ್ರಿಕೆ, ಚಿತ್ರ ಇರುವ ವಿಜ್ಞಾನ ಪತ್ರಿಕೆ ಒಯ್ಯಿರಿ. ಪೇಪರ್ ನಿಮ್ಮ ಸ್ಟೋರಿನದೇ ಇರಲಿ, ಒಂದು ರೀಮ್. 300 ಕಾಪಿ ಒಂದು ಬದಿ, ಮಾರನೇ ದಿನ ಇನ್ನೊಂದು ಬದಿ. ಜಾಮ್ ಎಷ್ಟು, ಎರಡೆರಡು ಹಾಳೆ ಹೋಗಿ ಖಾಲಿ ಬಂದ ಪುಟ ಎಷ್ಟು ಎಣಿಸಿ. 1ನೇ, 150ನೇ, 300ನೇ ಕಾಪಿ ಪಕ್ಕಪಕ್ಕ ಇಟ್ಟು ಒತ್ತಕ್ಷರ ನೋಡಿ. ಇಂಕ್ ಲೆಕ್ಕ ಆ ಒಂದು ದಿನದಲ್ಲಿ ಸಿಗುವುದಿಲ್ಲ. ಮಷಿನ್ ಬಂದ ಮೇಲೆ ಇಂಕ್ ಟ್ಯೂಬ್ ಹಾಕಿದ ದಿನದ ಮೀಟರ್ (ಪುಟ ಎಣಿಕೆ), ಖಾಲಿಯಾದ ದಿನದ ಮೀಟರ್ ಎರಡನ್ನೂ ಟ್ಯೂಬಿನ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ. ಮೂರು ಟ್ಯೂಬ್ ಮುಗಿದಾಗ ನಾನು ಹಿಡಿದ 15 ಪೈಸೆ ಸರಿಯೋ ತಪ್ಪೋ ತಿಳಿಯುತ್ತದೆ. 20 ದಾಟಿದ್ದರೆ ಇಲ್ಲಿ ಹಾಕಿ, ಡೆನ್ಸಿಟಿ (ಮಸಿಯ ಗಾಢತೆ) ಸೆಟ್ಟಿಂಗ್ ನೋಡೋಣ.