ಪದಚರ್ಚೆ: ದಯಾಮರಣ, ನಿಷ್ಕ್ರಿಯ, ಸಾರ್ಥಕ – ಬಲ್ಲವರು ತಿಳಿಸಿ

ಎಲ್ಲರಿಗೂ ನಮಸ್ಕಾರ.

ನಾನು ವೈದ್ಯಕೀಯ ನೀತಿಯ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿ. ದಯಾಮರಣ ಕೇಳಿ ಪಡೆದವರು ತಮ್ಮ ಅಂಗಾಂಗ ದಾನ ಮಾಡುವುದು ಸರಿಯೇ, ಸರಿ ಎಂದಾದರೆ ಯಾವ ಕಟ್ಟುಪಾಡು ಬೇಕು ಎನ್ನುವುದು ನನ್ನ ವಿಷಯ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಈಗ ಕನ್ನಡದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ನರ್ಸುಗಳನ್ನು, ಡಾಕ್ಟರುಗಳನ್ನು, ಐಸಿಯು ಹೊರಗೆ ಕಾದು ಕೂತಿದ್ದ ಮನೆಯವರನ್ನು ಮಾತಾಡಿಸಬೇಕು. ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. ಪ್ರಶ್ನೆಯ ಪದ ಜಾರಿದರೆ ಬರುವ ಉತ್ತರವೂ ಜಾರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ಸಂಗತಿ ಹೇಳಿಬಿಡುತ್ತೇನೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ದಯಾಮರಣದ ಕಾನೂನು 2002ರಲ್ಲಿ ಜಾರಿಗೆ ಬಂತು. ಕೆನಡಾದಲ್ಲಿ 2016ರಲ್ಲಿ, ಸ್ಪೇನಿನಲ್ಲಿ 2021ರಲ್ಲಿ. ವಾಸಿಯಾಗದ ಕಾಯಿಲೆಯಿಂದ ತಾಳಲಾರದಷ್ಟು ನರಳುತ್ತಿರುವವರು ತಾವಾಗಿ ಕೇಳಿಕೊಂಡರೆ, ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಡಾಕ್ಟರು ಔಷಧಿ ಕೊಟ್ಟು ಜೀವ ಕೊನೆಗಾಣಿಸುತ್ತಾರೆ. ಇವರಲ್ಲಿ ಕೆಲವರು ಅಂಗಾಂಗ ಕೊಟ್ಟು ಹೋಗಲು ಬಯಸುತ್ತಾರೆ. ಬೆಲ್ಜಿಯಂನಲ್ಲಿ 2005ರಲ್ಲೇ ಇಂಥ ದಾನ ನಡೆದಿದೆ. ಕ್ಯಾನ್ಸರ್ ಇದ್ದವರ ಅಂಗಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೊಡುವವರಲ್ಲಿ ಎಎಲ್‌ಎಸ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ನರರೋಗದವರೇ ಜಾಸ್ತಿ. ಔಷಧಿ ಕೊಡುವ ಡಾಕ್ಟರು ಬೇರೆ, ಅಂಗ ತೆಗೆಯುವ ತಂಡ ಬೇರೆ. ಹೃದಯ ನಿಂತ ಮೇಲೆ ಐದು ನಿಮಿಷ ಯಾರೂ ಮೈ ಮುಟ್ಟುವಂತಿಲ್ಲ. ಆಮೇಲೆ ಆಪರೇಷನ್ ಥಿಯೇಟರು. ಅಂಗ ತೆಗೆಯುವುದು ಸತ್ತ ಮೇಲೆಯೇ ಆಗಬೇಕು, ತೆಗೆಯುವುದರಿಂದ ಸಾವು ಬರಬಾರದು. ಎಲ್ಲವೂ ಈ ಒಂದು ನಿಯಮದ ಮೇಲೆ ನಿಂತಿದೆ.

ಇನ್ನು ಪದಗಳಿಗೆ ಬರುತ್ತೇನೆ. ‘ದಯಾಮರಣ’ ಎಲ್ಲರಿಗೂ ಗೊತ್ತು. ಆದರೆ ಪತ್ರಿಕೆಗಳಲ್ಲಿ ಅದಕ್ಕೆ ಇನ್ನೊಂದು ಬಳಕೆಯೂ ಇದೆ. ‘ದಯಾಮರಣ ಕೋರಿ ರಾಷ್ಟ್ರಪತಿಗೆ ಪತ್ರ’ ಎಂಬ ಸುದ್ದಿ ನೋಡಿರುತ್ತೀರಿ. ಪರಿಹಾರ ಸಿಗದ ರೈತರು, ಸಂಬಳ ಬಾರದ ನೌಕರರು ಬರೆಯುವ ಪತ್ರ ಅದು. ಬದುಕಲು ದಾರಿ ಮಾಡಿಕೊಡಿ ಎಂಬ ಕೂಗು ಅದರಲ್ಲಿದೆ. ಹೀಗೆ ಒಂದೇ ಪದ ಆಸ್ಪತ್ರೆಯದೂ ಹೌದು, ಧರಣಿಯದೂ ಹೌದು.

ನನಗೆ ಅದಕ್ಕಿಂತ ಜಾಸ್ತಿ ತೊಡಕಾಗಿರುವುದು ‘ದಯೆ’. ದಯೆ ಅಂದರೆ ಇನ್ನೊಬ್ಬರು ತೋರಿಸುವಂಥದ್ದು, ಅಲ್ವಾ? ಡಚ್ ಕಾನೂನಿನಲ್ಲೋ ರೋಗಿಯ ಸ್ವಂತ ಕೋರಿಕೆ ಇಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ. ಅರುಣಾ ಶಾನಭಾಗರನ್ನು ನೆನೆಸಿಕೊಳ್ಳಿ. ಉತ್ತರ ಕನ್ನಡದ ಹಳದೀಪುರದವರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅವರ ಮೇಲೆ ನಡೆದ ಕ್ರೂರ ಹಲ್ಲೆಯಿಂದ ಮಿದುಳಿಗೆ ಪೆಟ್ಟು ಬಿದ್ದು, 2015ರಲ್ಲಿ ತೀರಿಕೊಳ್ಳುವ ತನಕ ಹಾಸಿಗೆಯಲ್ಲೇ ಇದ್ದರು. ಅವರನ್ನು ಸಾಯಲು ಬಿಡಿ ಎಂದು ಲೇಖಕಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಬೇಡ, ನಾವು ನೋಡಿಕೊಳ್ಳುತ್ತೇವೆ ಎಂದು ಆ ಆಸ್ಪತ್ರೆಯ ನರ್ಸುಗಳು ಹಟ ಹಿಡಿದರು. ಎರಡೂ ಕಡೆ ಇದ್ದದ್ದು ದಯೆಯೇ. ಅರುಣಾ ಏನು ಬಯಸುತ್ತಿದ್ದರು ಎಂದು ಕೇಳಲು ಮಾತ್ರ ದಾರಿ ಇರಲಿಲ್ಲ. 2011ರಲ್ಲಿ ಕೋರ್ಟು ಆ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಬೇರೆ ರೋಗಿಗಳ ವಿಷಯದಲ್ಲಿ ಚಿಕಿತ್ಸೆ ನಿಲ್ಲಿಸುವ ದಾರಿಯನ್ನು ತೆರೆದಿಟ್ಟಿತು. ಅವರ ಪ್ರಕರಣಕ್ಕೂ ದಯಾಮರಣ, ತಾನೇ ಕೇಳಿ ಸಹಿ ಹಾಕಿದ ಬೆಲ್ಜಿಯಂ ರೋಗಿಗೂ ದಯಾಮರಣ. ಅಂಗಾಂಗ ದಾನದ ಮಾತು ಬಂದಾಗ ಇವೆರಡನ್ನು ಬೇರೆ ಮಾಡಲೇಬೇಕು. ತಾನೇ ಕೇಳಿದವರಿಗೆ ಮಾತ್ರ ತಾನೇ ಕೊಡುತ್ತೇನೆ ಎನ್ನಲೂ ಆಗುತ್ತದೆ.

‘ಇಚ್ಛಾಮರಣ’ ಎಂದರೆ ಭೀಷ್ಮ ಕಣ್ಣ ಮುಂದೆ ಬರುತ್ತಾನೆ. ಉತ್ತರಾಯಣಕ್ಕೆ ಕಾದು ಪ್ರಾಣ ಬಿಟ್ಟವನು, ಡಾಕ್ಟರ ಕೈ ಅಲ್ಲಿಲ್ಲ. ಸಲ್ಲೇಖನವೋ ಜೈನರು ಆಹಾರ ಬಿಡುತ್ತಾ ಸಾವನ್ನು ಎದುರುಗೊಳ್ಳುವ ವ್ರತ. ಅದನ್ನು ಇದರ ಜೊತೆ ಬೆರೆಸುವುದು ನನಗೆ ಸರಿಕಾಣುವುದಿಲ್ಲ. ಆದರೆ ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವ ‘ನೋಂತು ಮುಡಿಪಿದರ್’ (ವ್ರತ ಹಿಡಿದು ಜೀವ ಮುಗಿಸಿದರು) ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ಅಲ್ಲಿ ಸಾಯುವವರೇ ಕರ್ತೃ. ಇಂದಿನ ಕನ್ನಡದಲ್ಲಿ ಅಷ್ಟು ನೇರವಾಗಿ ಹೇಳುವ ಕ್ರಿಯಾಪದ ಯಾವುದಿದೆ? ಹಳಗನ್ನಡ ಬಲ್ಲವರು ದಯವಿಟ್ಟು ಹೇಳಿ.

ಮುಂದಿನದು ‘ನಿಷ್ಕ್ರಿಯ’. ಇದು ನಿಜಕ್ಕೂ ಅಪಾಯದ ಪದ ಅನಿಸುತ್ತಿದೆ. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ್ದನ್ನು, ಅಂದರೆ ವೆಂಟಿಲೇಟರಿನಂಥ ಚಿಕಿತ್ಸೆ ನಿಲ್ಲಿಸಿ ಸಹಜವಾಗಿ ಸಾಯಲು ಬಿಡುವುದನ್ನು, ಪತ್ರಿಕೆಗಳು ‘ನಿಷ್ಕ್ರಿಯ ದಯಾಮರಣ’ ಎಂದವು. ಇತ್ತ ಅಪಘಾತದ ಸುದ್ದಿಗಳಲ್ಲಿ ‘ಮಿದುಳು ನಿಷ್ಕ್ರಿಯ’. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅವರ ಅಂಗಾಂಗ ದಾನವಾದಾಗ ಈ ಮಾತು ಮನೆಮನೆಗೂ ತಲುಪಿತು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳುಕಾಂಡ (ಮಿದುಳಿನ ಬುಡದ ಭಾಗ) ಸತ್ತರೆ ಅದು ಸಾವೇ. ನಾಲ್ವರು ವೈದ್ಯರ ಮಂಡಳಿ, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ದೃಢಪಡಿಸಬೇಕು. ‘ನಿಷ್ಕ್ರಿಯ’ ಎನ್ನುವ ಪದ ಇಷ್ಟನ್ನೂ ಹೇಳುವುದಿಲ್ಲ. ನಿಷ್ಕ್ರಿಯ ಆದದ್ದು ಮತ್ತೆ ಸಕ್ರಿಯ ಆಗಬಹುದಲ್ವಾ ಎಂದು ಮನೆಯವರು ಕೇಳಿದರೆ ಅದು ಭಾಷೆಯ ಪ್ರಕಾರ ಸರಿಯಾದ ಪ್ರಶ್ನೆಯೇ.

ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟು ನೋಡಿ: ‘ನಿಷ್ಕ್ರಿಯ ದಯಾಮರಣಕ್ಕೆ ಮಿದುಳು ನಿಷ್ಕ್ರಿಯ ಆಗಿರಬೇಕಿಲ್ಲ.’ ವಾಕ್ಯ ಸರಿಯಾಗಿದೆ, ಆದರೆ ಯಾರಿಗೆ ಅರ್ಥವಾದೀತು? ಒಂದು ಕಡೆ ಡಾಕ್ಟರು ಹೊಸದಾಗಿ ಏನನ್ನೂ ಮಾಡುವುದಿಲ್ಲ ಎಂಬ ಅರ್ಥ. ಇನ್ನೊಂದು ಕಡೆ ರೋಗಿ ಆಗಲೇ ಸತ್ತಾಗಿದೆ ಎಂಬ ಅರ್ಥ. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಘನತೆಯಿಂದ ಸಾಯುವ ಹಕ್ಕಿನ ಆದೇಶ ಹೊರಡಿಸಿತಲ್ಲ, ಅದೂ ಇಂಥ ಚಿಕಿತ್ಸೆ ನಿಲ್ಲಿಸುವುದರ ಬಗ್ಗೆಯೇ. ಆಗ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರೇ ಇದನ್ನು ದಯಾಮರಣದ ಜೊತೆ ಗೊಂದಲ ಮಾಡಿಕೊಳ್ಳಬೇಡಿ ಎಂದು ಹೇಳಬೇಕಾಯಿತು. ನಾನು ಸದ್ಯಕ್ಕೆ ‘ಮಿದುಳು ಸಾವು’ ಮತ್ತು ‘ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದು’ ಎಂದು ಬರೆದುಕೊಂಡಿದ್ದೇನೆ. ಎರಡನೆಯದು ಉದ್ದವಾಯಿತು. ಆದರೆ ಗಿಡ್ಡ ಪದಕ್ಕಾಗಿ ಅರ್ಥ ಬಿಟ್ಟುಕೊಡಲು ಮನಸ್ಸಿಲ್ಲ.

ಈಗ ನನ್ನ ಮುಖ್ಯ ಪ್ರಶ್ನೆ: ‘ಸಾರ್ಥಕ’. ‘ಸಾವಿನಲ್ಲೂ ಸಾರ್ಥಕತೆ ಮೆರೆದ ಯುವಕ’ ಎಂಬ ತಲೆಬರಹ ನಮಗೆಲ್ಲ ಪರಿಚಿತ. ರಾಜ್ಯದ ಅಂಗಾಂಗ ದಾನ ಸಂಸ್ಥೆಯ ಹೆಸರೇ ‘ಜೀವಸಾರ್ಥಕತೆ’. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಂದೆತಾಯಿಗೆ ಆ ಪದ ಆಸರೆಯಾಗುತ್ತದೆ. ಅದನ್ನು ಕಿತ್ತುಕೊಳ್ಳುವ ಯೋಚನೆ ನನಗಿಲ್ಲ. ಅಲ್ಲಿ ಸಾವು ಆಗಲೇ ಆಗಿಹೋಗಿದೆ, ಪದ ಬರುವುದು ಆಮೇಲೆ.

ದಯಾಮರಣದಲ್ಲಿ ಸಾವು ಇನ್ನೂ ಆಗಿಲ್ಲ. ರೋಗಿ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾರೆ. ನಾನು ಎಲ್ಲರಿಗೂ ಭಾರವಾದೆ ಎಂದು ಮನಸ್ಸಿನಲ್ಲೇ ಕೊರಗುತ್ತಿರುವವರ ಮುಂದೆ ‘ಕೊಟ್ಟು ಹೋದರೆ ಸಾರ್ಥಕ’ ಎಂದರೆ ಏನಾಗುತ್ತದೆ? ಇಲ್ಲಿಯತನಕದ ಬದುಕು ಸಾರ್ಥಕವಾಗಿರಲಿಲ್ಲ, ಈಗ ಸತ್ತರೆ ಆಗುತ್ತದೆ ಎಂದು ಕೇಳಿಸಬಹುದು. ‘ದಾನ’ದೊಳಗಿನ ಪುಣ್ಯವೂ ಹಾಗೇ ಒತ್ತುತ್ತದೆ. ಅದಕ್ಕೇ ಕೆನಡಾದ ವೈದ್ಯಕೀಯ ಮಾರ್ಗಸೂಚಿ, ಸಾಯುವ ತೀರ್ಮಾನ ಮೊದಲು ಬೇರೆಯಾಗಿ ಆಗಲಿ, ದಾನದ ಮಾತು ಆಮೇಲೆ ಬರಲಿ ಎನ್ನುತ್ತದೆ. ಯಾವ ಗಳಿಗೆಯಲ್ಲೂ ಎರಡರಿಂದಲೂ ಹಿಂದೆ ಸರಿಯಬಹುದು. ಇಷ್ಟಿದ್ದೂ ಆಯ್ಕೆ ಇದೆ ಎಂದೇ ತಿಳಿಸದಿದ್ದರೆ ಅದೂ ಅನ್ಯಾಯ. ಕೊಡಬೇಕು ಎಂದು ಮನಸಾರೆ ಬಯಸುವವರಿದ್ದಾರೆ. ತಿಳಿಸಬೇಕು, ಆದರೆ ಹೊಗಳಿಕೆ ಬೆರೆಸದ ಪದದಲ್ಲಿ ತಿಳಿಸಬೇಕು ಎನ್ನುವುದು ನನ್ನ ನಿಲುವು. ಅಂಥ ಪದವನ್ನೇ ಹುಡುಕುತ್ತಿದ್ದೇನೆ.

ನಮ್ಮ ನೆರೆಯಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. 2004ರಲ್ಲಿ ಹೈದರಾಬಾದಿನ ಚೆಸ್ ಆಟಗಾರ ವೆಂಕಟೇಶ್, ಸ್ನಾಯು ಕ್ಷಯಿಸುವ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದರು. ಅಂಗಗಳು ಕೆಡುವ ಮುಂಚೆಯೇ ಸಾಯಲು ಬಿಡಿ, ಅವು ಬೇರೆಯವರಿಗೆ ಆಗಲಿ ಎನ್ನುವುದು ಅವರ ಆಸೆ. ತಾಯಿ ಹೈಕೋರ್ಟಿನ ತನಕ ಹೋದರು. ಕೋರ್ಟು ಒಪ್ಪಲಿಲ್ಲ. ಆ ಡಿಸೆಂಬರಿನಲ್ಲೇ ಅವರು ತೀರಿಕೊಂಡರು. ಇಲ್ಲಿ ಸಾವನ್ನು ಕೇಳಿದ್ದೇ ಕೊಡುವುದಕ್ಕಾಗಿ. ‘ದಯಾಮರಣದ ನಂತರ ಅಂಗಾಂಗ ದಾನ’ ಎಂಬುದರಲ್ಲಿ ‘ನಂತರ’ ಬಿಟ್ಟು ‘ಅಂಗಾಂಗ ದಾನಕ್ಕಾಗಿ ದಯಾಮರಣ’ ಎಂದರೆ ನೀತಿಯ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಆದ್ದರಿಂದ ಸುದ್ದಿಮನೆಯ ಗೆಳೆಯರು ‘ದಯಾಮರಣ ದಾನ’ ಎಂಬಂಥ ಗಿಡ್ಡ ಜೋಡುಪದ ಕಟ್ಟಬಾರದು ಎಂದು ಈಗಲೇ ಕೇಳಿಕೊಳ್ಳುತ್ತೇನೆ.

ಪ್ರಶ್ನೆಯನ್ನು ಸದ್ಯ ಹೀಗೆ ಬರೆದಿದ್ದೇನೆ: ‘ಕಾಯಿಲೆಯವರು ತಾವೇ ಕೇಳಿ ಸಾವು ಪಡೆಯಲು ಕಾನೂನು ಒಪ್ಪಿದರೆ, ಸತ್ತ ಮೇಲೆ ಅವರ ಕಿಡ್ನಿ, ಲಿವರ್ ಬೇರೆಯವರಿಗೆ ಕೊಡಬಹುದೇ? ಈ ಮಾತನ್ನು ಮೊದಲು ಯಾರು ಎತ್ತಬೇಕು?’ ಹಳ್ಳಿಯ ಹಿರಿಯರಿಗೂ ಇದು ತಿಳಿಯುತ್ತದೆಯೇ? ‘ಕೇಳಿ ಪಡೆದ ಸಾವು’ ಎಂದರೆ ಒರಟಾಯಿತೇ?

ಆಸ್ಪತ್ರೆಯ ಜಗುಲಿಯಲ್ಲಿ ಜನ ಆಡುವ ಮಾತೂ ಬೇಕು. ‘ಡಾಕ್ಟ್ರು ಕೈಚೆಲ್ಲಿದ್ರು’, ‘ಮಷಿನ್ ತೆಗೆದ್ರು’, ‘ದೇವರು ಬೇಗ ಕರ್ಕೊಳ್ಳಲಿ’ ಇಷ್ಟು ನನ್ನ ಪಟ್ಟಿಯಲ್ಲಿವೆ. ಇವೆಲ್ಲ ಹಳೆ ಮೈಸೂರು ಕಡೆಯವು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮ ಮನೆಗಳಲ್ಲಿ ಏನೆನ್ನುತ್ತೀರಿ, ಅದನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ಬರೆದು ತಿಳಿಸಿ.