ಮಾಸ್ ಕಮ್ಯುನಿಕೇಷನ್ನೂ ಬ್ಯಾಂಕಿನ ಬಡ್ಡಿಯೂ

‘ಮಗಳು ಜರ್ನಲಿಸಂ ಮಾಡಿದ್ರೆ ಟೀವೀಲಿ ಬರ್ತಾಳಾ?’

ರುದ್ರಣ್ಣ ಕೇಳಿದ ಹೊತ್ತಿಗೆ ದಾವಣಗೆರೆಯ ರಾಂ ಅಂಡ್ ಕೋ ಸರ್ಕಲ್ ಹತ್ತಿರದ ಮಂಡಕ್ಕಿ ಅಂಗಡಿ ಬೆಂಚಿನಲ್ಲಿ ಬಲ್ಲವರೇ ತುಂಬಿದ್ದರು: ಪತ್ರಿಕೋದ್ಯಮ ಪಾಠ ಮಾಡುವ ಮೇಷ್ಟ್ರು, ಸಾಲದ ಮೇಜಿನ ಬ್ಯಾಂಕಣ್ಣ, ಪತ್ರಿಕೆ ಡೆಸ್ಕಿನ ಮಂಜ.

‘ಮುಖ ಕಾಣ್ಸೋದು ಒಬ್ರದು ರುದ್ರಣ್ಣ,’ ಅಂದ ಮಂಜ. ‘ಹಿಂದೆ ಇನ್‌ಪುಟ್ ಡೆಸ್ಕು, ಔಟ್‌ಪುಟ್ ಡೆಸ್ಕು, ಪ್ರಸಾರ ನಡೆಸೋ ಕಂಟ್ರೋಲ್ ರೂಮು ಪಿಸಿಆರು, ಗ್ರಾಫಿಕ್ಸು, ಕೆಳಗೆ ಓಡೋ ಟಿಕ್ಕರ್ ಹೊಡೆಯೋರು. ಕೆಲಸ ಹೆಚ್ಚಿಗೆ ಇರೋದು ಅಲ್ಲಿ.’

‘ಹಂಗಾದ್ರೆ ಬೀಗರಿಗೆ ಏನ್ ತೋರ್ಸ್ಲಿ?’

‘ಟಿಕ್ಕರ್ ತೋರ್ಸು. ಕಾಗುಣಿತ ತಪ್ಪಿದ ದಿನ, ಇವತ್ತು ಅವಳಿಗೆ ರಜೆ ಅನ್ನು.’

ಬೆಂಗಳೂರಿನ ಖಾಸಗಿ ಕಾಲೇಜೊಂದು ವರ್ಷಕ್ಕೆ ಎರಡು ಲಕ್ಷ ಫೀಸು ಹೇಳಿತ್ತು. ಬ್ಯಾಂಕಣ್ಣ ಮೆಣಸಿನಕಾಯಿ ಸುತ್ತಿದ ಕಾಗದದಲ್ಲಿ ಎಣ್ಣೆ ಹತ್ತದ ಜಾಗ ಹುಡುಕಿ ಪೆನ್ನು ತೆಗೆದ.

‘ಮೂರು ವರ್ಷಕ್ಕೆ ಆರು ಲಕ್ಷ. ಬಡ್ಡಿ ಶೇ 10 ಅಂತ ಇಟ್ಕೊ. ಓದೋವಾಗ ಕಂತಿಲ್ಲ, ಮುಗಿದ ಮೇಲೂ ಒಂದು ವರ್ಷ ಕಂತಿಲ್ಲ.’

‘ಒಳ್ಳೇದಾತಲ್ಲಪ್ಪ!’

‘ಕಂತಿಲ್ಲ ಅಂದೆ, ಬಡ್ಡಿ ಇಲ್ಲ ಅಂದ್ನಾ? ಮೊದಲ ವರ್ಷದ ಎರಡು ಲಕ್ಷಕ್ಕೆ ನಾಲ್ಕು ವರ್ಷದ ಸರಳ ಬಡ್ಡಿ 80 ಸಾವಿರ. ಎರಡನೇ ವರ್ಷದ್ದಕ್ಕೆ 60, ಮೂರನೇದಕ್ಕೆ 40. ಕಂತು ಶುರುವಾಗೋ ದಿನ ಸಾಲ 7.8 ಲಕ್ಷ. ಹತ್ತು ವರ್ಷ, ತಿಂಗಳಿಗೆ ಸುಮಾರು 10,300. ಓದೋವಾಗಲೇ ಬಡ್ಡಿ ಕಟ್ಕೊಂತ ಹೋದ್ರೆ ಕಂತು 7,900ರ ಆಸುಪಾಸಿಗೆ ಇಳಿತೈತೆ. ಹಾಸ್ಟೆಲ್ಲು, ಊಟ ಇದ್ರಾಗಿಲ್ಲ.’

‘ಡೆಸ್ಕಿನ ಮೊದಲ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ಕೊಟ್ಟು ಇಷ್ಟು ಉಳಿಸೋರನ್ನ ನಾನು ಸುದ್ದಿ ಮಾಡ್ತೀನಿ,’ ಅಂದ ಮಂಜ.

ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟರು. ‘ಪತ್ರಿಕೋದ್ಯಮ ಇರೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನೋಡಪ್ಪ. ಬಿ.ಎ.ನಲ್ಲಿ ಅದೂ ಒಂದು ವಿಷಯ. 2024ರಲ್ಲಿ ಪದವಿ ಮತ್ತೆ ಮೂರೇ ವರ್ಷಕ್ಕೆ ಬಂತು. ಎಂ.ಎ. ಬೇಕಂದ್ರೆ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಇಲ್ಲೇ ಇದೆ. ಪಾಠ ಹೇಳೋ ಕೆಲಸಕ್ಕೆ ಎಂ.ಎ.ನಲ್ಲಿ ಶೇ 55, ಮೀಸಲಾತಿ ಇದ್ದರೆ 50. ಆಮೇಲೆ ನೆಟ್ಟು ಅನ್ನೋ ಅರ್ಹತಾ ಪರೀಕ್ಷೆ, ವಿಷಯ ಸಂಖ್ಯೆ 63. ಸರ್ಕಾರಿ ಹುದ್ದೆಗೆ, ಮೇಷ್ಟ್ರ ಕೆಲಸಕ್ಕೆ ಪದವಿ ಚೀಟಿ ಕೇಳೇ ಕೇಳ್ತಾರೆ. ಉಳಿದ ಕಡೆ ಚೀಟಿ ನೋಡೋದು ಕಡೆಗೆ.’

‘ಮೊದಲು ಏನ್ ನೋಡ್ತಾರೆ?’

ಮಂಜ ಈ ಪ್ರಶ್ನೆಗೇ ಕಾಯುತ್ತಿದ್ದ. ‘ಕೆಲಸ! 500 ಪದದ ಪ್ರಕಟಣೆ ಕೊಟ್ರೆ 120 ಪದಕ್ಕೆ ಇಳಿಸ್ಬೇಕು. ಅದರಲ್ಲಿ ಗಣ್ಯರ ಹೆಸರೇ 80 ಇರ್ತಾವೆ, ಯಾರನ್ನ ಬಿಟ್ರೂ ಫೋನ್ ಬರ್ತೈತೆ. ಇಂಗ್ಲಿಷ್ ಏಜೆನ್ಸಿ ಸುದ್ದಿ ಕನ್ನಡಕ್ಕೆ ಬರ್ಬೇಕು. ತೊಂಬತ್ತು ಸೆಕೆಂಡಿನ ವಿಡಿಯೊ ಒಂದು, ಕಾಲರ್ ಮೈಕ್ ಹಾಕಿ. ಚಿತ್ರ ಅಲ್ಲಾಡಿದ್ರೂ ಸಹಿಸ್ತಾರೆ. ಎಪಿಎಂಸಿ ಗದ್ದಲದಾಗೆ ಮೆಕ್ಕೆಜೋಳದ ರೈತ ಏನಂದ ಅಂತ ಕೇಳ್ಸದಿದ್ರೆ ಮುಗೀತು.’

‘ಆರ್‌ಟಿಐ, ಮಾಹಿತಿ ಹಕ್ಕಿನ ಅರ್ಜಿ ಸೇರಿಸು,’ ಅಂದರು ಮೇಷ್ಟ್ರು. ‘ಭದ್ರಾ ನಾಲೆ ಕೊನೇ ಭಾಗಕ್ಕೆ ಎಷ್ಟು ದಿನ ನೀರು ಹೋಯ್ತು ಅಂತ ಕೇಳ್ಲಿ. ಹತ್ತು ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಮೂವತ್ತು ದಿನಕ್ಕೆ ಉತ್ತರ ಬರ್ಬೇಕು.’

‘ಬರ್ತೈತಾ?’

‘ಬರದಿದ್ರೆ ಮೇಲ್ಮನವಿ. ಬರಲಿಲ್ಲ ಅನ್ನೋದೂ ಸುದ್ದೀನೇ.’

‘ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರ್ ಮರೀಬ್ಯಾಡ್ರಿ ಮೇಷ್ಟ್ರೆ,’ ಮಂಜನಿಗೆ ಇದು ವೃತ್ತಿಯ ಹುಣ್ಣು. ‘ಹಳೇ ನುಡಿ ಫಾಂಟಿನ ಕಾಪಿ ನೇರವಾಗಿ ವೆಬ್ಬಿಗೆ ಹಾಕಿದ್ರೆ ಕನ್ನಡ ಹೋಗಿ ಕೊಂಬು ಬಂದ ಇಂಗ್ಲಿಷ್ ಅಕ್ಷರ ಬೀಳ್ತಾವೆ. ಯೂನಿಕೋಡಿಗೆ ಬದಲಾಯಿಸಿದ ಮೇಲೂ ಅರ್ಕಾವತ್ತು ನೋಡ್ಬೇಕು: ನುಡೀಲಿ ಅದು ಅಕ್ಷರ ಆದ್ಮೇಲೆ ಕೂರ್ತೈತೆ, ಯೂನಿಕೋಡಲ್ಲಿ ರಕಾರ ಮುಂದೆ ಬರ್ಬೇಕು. ಕನ್ವರ್ಟರ್ ಎಡವೋದು ಅಲ್ಲೇ. ಇದು ಗೊತ್ತಿರೋ ಹುಡುಗಿ ಬಂದ್ರೆ ಡೆಸ್ಕಲ್ಲಿ ಕುರ್ಚಿ ಒರೆಸಿ ಕೊಡ್ತಾರೆ. ಸಂಬಳ ಕೇಳಿದ್ರೆ ಮಾತ್ರ ಬೇರೆ ವಿಷಯ ತೆಗೀತಾರೆ.’

ದುಡ್ಡು ಬೇಕಿದ್ದರೆ ಪಿಆರು ಅನ್ನೋ ಸಾರ್ವಜನಿಕ ಸಂಪರ್ಕ, ಜಾಹೀರಾತು, ಕಂಪನಿಗಳ ಸಂವಹನ ವಿಭಾಗ. ಅಲ್ಲಿಗೆ ಕನ್ನಡದ ಜೊತೆ ಇಂಗ್ಲಿಷೂ ಹರಿಯಬೇಕು ಎಂಬಲ್ಲಿ ಮೂವರಿಗೂ ತಕರಾರಿರಲಿಲ್ಲ. ಅಪರೂಪ.

‘ಹಂಗಂತ ದುಡ್ಡಿನ ಕಾಲೇಜೆಲ್ಲ ದಂಡ ಅಲ್ಲ,’ ಮೇಷ್ಟ್ರು ಅಂದರು. ‘ಹೋಗಿ ಸ್ಟುಡಿಯೊ ನೋಡು. ಕ್ಯಾಮೆರಾ ಆನ್ ಮಾಡಿಸು. ಬ್ಯಾಟರಿ ಸತ್ತಿದ್ರೆ ಅದು ಪ್ರದರ್ಶನಕ್ಕೆ ಇಟ್ಟಿದ್ದು. ಅರವತ್ತು ಮಕ್ಕಳಿಗೆ ಎಷ್ಟು ಕ್ಯಾಮೆರಾ, ಎಷ್ಟು ಎಡಿಟಿಂಗ್ ಸಿಸ್ಟಂ, ಮನೆಗೆ ಒಯ್ಯೋಕೆ ಕೊಡ್ತಾರಾ ಅಂತ ಕೇಳು. ಪದವೀನೋ ಡಿಪ್ಲೊಮಾನೋ, ಯಾವ ವಿಶ್ವವಿದ್ಯಾಲಯದ್ದು, ಬರವಣಿಗೆಯಲ್ಲಿ ತಗೋ. ಪ್ಲೇಸ್‌ಮೆಂಟ್ ಅಂತ ಫೋಟೊ ತೋರಿಸಿದ್ರೆ ಹುದ್ದೆ ಯಾವುದು ಅಂತ ಕೇಳು. ಕಾಲ್ ಸೆಂಟರೂ ಕಮ್ಯುನಿಕೇಷನ್ನೇ.’

‘ಸಾಲ ಹೆಂಗೂ ಮಗಳ ಹೆಸರಿಗಲ್ವಾ ಬರೋದು?’ ರುದ್ರಣ್ಣನಿಗೆ ಇನ್ನೂ ಬೆಂಗಳೂರಿನ ಆಸೆ.

‘ಮಗಳ ಹೆಸರಿಗೂ,’ ಅಂದ ಬ್ಯಾಂಕಣ್ಣ. ‘ಜಂಟಿ ಸಾಲಗಾರ ನೀನು. ಕಂತು ತಪ್ಪಿದ್ರೆ ಸಿಬಿಲ್ ಸ್ಕೋರು ಇಬ್ಬರದೂ ಬೀಳ್ತೈತೆ.’

ರುದ್ರಣ್ಣ ಮೇಷ್ಟ್ರ ಕಡೆ ತಿರುಗಿದ. ‘ಆ ಸರ್ಕಾರಿ ಕಾಲೇಜಲ್ಲಿ ಅರ್ಜಿ ಯಾವಾಗ್ ಕೊಡ್ತಾರ್ರಿ?’